ಹಸಿರು ರಿಮೋಟಿನ ಮೇಲಿನ ದೂರು

ಚಿಂತಾಮಣಿಯ ತರಕಾರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಕನಕರಾಜನ ಅಂಗಡಿ. ಬೋರ್ಡಿನಲ್ಲಿ ಇಂದಿಗೂ ಟಿ.ವಿ. ರಿಪೇರಿ ಎಂದೇ ಇದೆ. ಒಳಗೆ ಕಾಲಿಟ್ಟರೆ ಮುಂದಿನ ಅರ್ಧದಲ್ಲಿ ಗೋಡೆಗೆ ಒಂದು ದೊಡ್ಡ ಟಿ.ವಿ., ಪಕ್ಕದಲ್ಲಿ ಒಂದು ಸಣ್ಣದು, ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳು, ಕುರ್ಚಿಗಳಲ್ಲಿ ಶಾಲೆಯ ಯೂನಿಫಾರಂ ಇನ್ನೂ ಬಿಚ್ಚದ ಹುಡುಗರು. ದೊಡ್ಡ ಟಿ.ವಿ.ಯಲ್ಲಿ ಕಾರ್ ರೇಸಿನ ವಿಡಿಯೋ ಗೇಮು, ಸಣ್ಣದರಲ್ಲಿ ಕ್ರಿಕೆಟ್ಟಿನದು. ಹಿಂದಿನ ಅರ್ಧದಲ್ಲಿ ಮೇಜು, ಅದರ ಮೇಲೆ ಬೆಸುಗೆ ಹಾಕುವ ಕಡ್ಡಿ, ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುವ ಮಿಕ್ಸಿಗಳು, ಫ್ಯಾನುಗಳು. ಕನಕರಾಜ್ ಅಲ್ಲಿ ಬೆನ್ನು ಬಗ್ಗಿಸಿ ಕೂತಿರುತ್ತಾನೆ. ಕೈ ಮಿಕ್ಸಿಯ ಮೇಲಿದ್ದರೂ ಕಿವಿ ಮುಂದಿನ ಅರ್ಧದಲ್ಲಿರುತ್ತದೆ.

ಅವನ ಊರು ಮಂಡಿಕಲ್ ಹತ್ತಿರ. ಅಪ್ಪ ಚೆನ್ನರಾಯಪ್ಪ ಅಲ್ಲೇ ಹೊಲ ನೋಡಿಕೊಂಡಿದ್ದಾರೆ. ಕನಕರಾಜನಿಗೆ ಚಿಕ್ಕಂದಿನಿಂದ ಮಣ್ಣಿಗಿಂತ ರೇಡಿಯೋ ಇಷ್ಟ. ಮನೆಯಲ್ಲಿದ್ದ ಒಂದೇ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಲಾಗದೆ ಅಟ್ಟದ ಮೇಲೆ ಬಚ್ಚಿಟ್ಟಿದ್ದನಂತೆ. ಚಿಕ್ಕಬಳ್ಳಾಪುರದಲ್ಲಿ ಐ.ಟಿ.ಐ. ಓದಿ, ಚಿಂತಾಮಣಿಯಲ್ಲಿ ಅಂಗಡಿ ಇಟ್ಟ. ಡಬ್ಬಿಯಂಥ ಟಿ.ವಿ.ಗಳ ಕಾಲದಲ್ಲಿ ಅವನಿಗೆ ಊಟಕ್ಕೂ ಬಿಡುವಿರಲಿಲ್ಲ. ಗೋಡೆಗೆ ನೇತುಹಾಕುವ ತೆಳ್ಳನೆಯ ಟಿ.ವಿ.ಗಳು ಬಂದ ಮೇಲೆ ಕೆಲಸ ಕಡಿಮೆಯಾಯಿತು. ಕೆಟ್ಟರೆ ಜನ ಹೊಸದೇ ತರುತ್ತಿದ್ದರು. ಆಗ, ಯಾರೋ ಬಿಟ್ಟುಹೋಗಿದ್ದ ಒಂದು ಗೇಮ್ ಪೆಟ್ಟಿಗೆಯನ್ನು ಸರಿಮಾಡಿ ಅಂಗಡಿಯ ಮುಂದಿನ ಭಾಗದಲ್ಲಿ ಇಟ್ಟ. ಸಂಜೆಯಾದರೆ ಮಕ್ಕಳು ಬಾಗಿಲಲ್ಲಿ ನಿಲ್ಲತೊಡಗಿದರು.

ಹೆಂಡತಿ ಶೋಭಾರಾಣಿಗೆ ಮೊದಲು ಇದು ಹಿಡಿಸಲಿಲ್ಲ. ಅವಳು ಪಕ್ಕದ ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಟೀಚರ್.

"ನಾನು ಬೆಳಿಗ್ಗೆಯೆಲ್ಲ ಓದ್ರೋ ಓದ್ರೋ ಅಂತೀನಿ. ನೀವು ಸಂಜೆ ಆಡ್ರೋ ಆಡ್ರೋ ಅಂತೀರ. ಚೆನ್ನಾಗಿದೆ ನಮ್ಮ ಸಂಸಾರ."

ಕೊನೆಗೆ ಒಂದು ಒಪ್ಪಂದವಾಯಿತು. ಬಂದೂಕು ಹಿಡಿಯುವ ಆಟ ಬೇಡ. ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಮನೆಗೆ ಹೊರಡಬೇಕು. ಪರೀಕ್ಷೆ ಬಂದರೆ ಟಿ.ವಿ.ಗೆ ಬಟ್ಟೆ ಮುಚ್ಚಬೇಕು. ಕನಕರಾಜ್ ಎಲ್ಲದಕ್ಕೂ ತಲೆಯಾಡಿಸಿದ, ಮಾತಿನಂತೆ ನಡೆದುಕೊಂಡ. ಬರಬರುತ್ತ ಮಕ್ಕಳ ತಾಯಂದಿರೇ ಮಾರುಕಟ್ಟೆಗೆ ಹೋಗುವಾಗ, "ಸ್ವಲ್ಪ ನೋಡ್ಕಳಪ್ಪ ಕನಕಣ್ಣ" ಎಂದು ಮಕ್ಕಳನ್ನು ಅಲ್ಲಿ ಬಿಟ್ಟು ಹೋಗತೊಡಗಿದರು.

ಅವನು ತಾನು ಆಡುವವನಲ್ಲ. ಅವನಿಗೆ ರುಚಿ ಹತ್ತಿದ್ದು ಆಟ ಮುಗಿದ ಮೇಲಿನ ಮಾತಿಗೆ. ಗೆದ್ದ ಹುಡುಗ ಕುರ್ಚಿಯಿಂದ ಏಳುವಾಗ ಎದೆ ಮುಂದಕ್ಕೆ ಬರುತ್ತಿತ್ತು. "ನನ್ನ ಟೈಮಿಂಗ್ ನೋಡಿದ್ರಾ ಅಂಕಲ್" ಎನ್ನುತ್ತಿದ್ದ. ಸೋತವನಿಗೆ ಕಾರಣಗಳು ಹೊರಗಿನಿಂದ ಬರುತ್ತಿದ್ದವು. ಕಿಟಕಿಯ ಬಿಸಿಲು ಟಿ.ವಿ. ಪರದೆಯ ಮೇಲೆ ಬಿತ್ತು. ಹಿಂದೆ ನಿಂತವನು ಕೆಮ್ಮಿದ. ಎದುರಾಳಿ ಮೊಣಕೈಯಲ್ಲಿ ತಿವಿದ. ಒಬ್ಬ ಹುಡುಗ, ಮಧ್ಯಾಹ್ನ ಶಾಲೆಯಲ್ಲಿ ಕೊಟ್ಟ ಮೊಟ್ಟೆ ತಿಂದಿದ್ದರಿಂದ ಬೆರಳು ಭಾರವಾಗಿತ್ತು ಎಂದಿದ್ದ. ಅದೇ ಹುಡುಗ ಮಾರನೆಯ ದಿನ ಗೆದ್ದಾಗ ಮೊಟ್ಟೆಯ ಹೆಸರೆತ್ತಲಿಲ್ಲ.

ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿ ಅವನು ನಗುತ್ತಿದ್ದ. ಶೋಭಾರಾಣಿಯೂ ನಗುತ್ತಿದ್ದಳು.

"ನನ್ನ ಕ್ಲಾಸಲ್ಲೂ ಅದೇ. ಮಾರ್ಕ್ಸ್ ಬಂದ್ರೆ, ನಾನು ತಗೊಂಡೆ ಮಿಸ್. ಬರಲಿಲ್ಲ ಅಂದ್ರೆ, ನೀವು ಕೊಡಲಿಲ್ಲ ಮಿಸ್."

ಅವರ ಮಗಳು ತನುಶ್ರೀ ಏಳನೇ ಕ್ಲಾಸು. ಅವಳು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ರಜೆಯ ದಿನ ಅಪ್ಪನ ಜೊತೆ ಬಂದು, ಬೇರೆ ಮಕ್ಕಳು ಬರುವ ಮುಂಚೆ ಒಂದೆರಡು ಆಟ ಆಡುತ್ತಿದ್ದಳು. ಚೆನ್ನಾಗಿ ಆಡುತ್ತಿದ್ದಳು. ಗೆದ್ದರೆ "ಏನೋ, ಸುಮ್ನೆ ಬಂತು" ಎನ್ನುವಳು. ಸೋತರೆ "ನಂಗೆ ಬರಲ್ಲ" ಎಂದು ರಿಮೋಟ್ ಇಟ್ಟುಬಿಡುವಳು. ಹುಡುಗರ ಸದ್ದು ಕೇಳಿದರೆ ಎದ್ದು ಹಿಂದಿನ ಮೇಜಿನ ಹತ್ತಿರ ಹೋಗಿ ಕೂತುಬಿಡುತ್ತಿದ್ದಳು. ಅಲ್ಲಿಂದ ಎಲ್ಲರ ಆಟವನ್ನೂ ನೋಡುತ್ತಿದ್ದಳು. ನಾಚಿಕೆಯ ಹುಡುಗಿ ಎಂದು ಕನಕರಾಜ್ ಅದನ್ನು ಅಷ್ಟಕ್ಕೇ ಬಿಟ್ಟಿದ್ದ.

ಕಾರ್ ರೇಸಿಗೆ ಎರಡು ರಿಮೋಟ್. ಎರಡೂ ಕಪ್ಪು. ಗುರುತಿಗೆಂದು ಕನಕರಾಜ್ ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ಹಸಿರು ಟೇಪು ಸುತ್ತಿದ್ದ. ಹೇಗೋ ಏನೋ ಹಸಿರಿಗೆ ಕೆಟ್ಟ ಹೆಸರು ಬಂತು. ಹಸಿರು ಹಿಡಿದವನು ಸೋಲುತ್ತಾನೆ ಎಂದು ಮಕ್ಕಳು ತೀರ್ಮಾನ ಮಾಡಿಬಿಟ್ಟರು. ಅಂಗಡಿಯ ಬಾಗಿಲು ತೆಗೆದ ಕೂಡಲೇ ಕೆಂಪಿಗಾಗಿ ಓಟ. ಹಸಿರು ಸಿಕ್ಕವನು ಆಟಕ್ಕೆ ಮುಂಚೆಯೇ, "ನೋಡ್ರೋ, ನಂಗೆ ಹಸಿರು ಕೊಟ್ಟಿದೀರ, ಆಮೇಲೆ ಮಾತಾಡ್ಬೇಡಿ" ಎಂದು ಹೇಳಿಟ್ಟುಕೊಳ್ಳುತ್ತಿದ್ದ.

ಹಸಿರಿನ ಮೇಲೆ ಎಲ್ಲರಿಗಿಂತ ಹೆಚ್ಚು ದೂರು ಹೇಳುತ್ತಿದ್ದವನು ನರೇಂದ್ರ. ಹೂವಿನ ಟೆಂಪೋ ಓಡಿಸುವವರ ಮಗ, ತನುಶ್ರೀಯದೇ ವಯಸ್ಸು. ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವನು ಅವನೇ. ಉಳಿದವರು ಸಮತಟ್ಟಾದ ರಸ್ತೆಯ ಸುಲಭದ ರೇಸು ಆರಿಸಿಕೊಂಡರೆ ಅವನು ಬೆಟ್ಟದ ಮೇಲಿನ ಘಾಟಿ ರಸ್ತೆಯನ್ನೇ ಆರಿಸುತ್ತಿದ್ದ. ಹಸಿರು ಸಿಕ್ಕಾಗಲೆಲ್ಲ ಅಲ್ಲಿ ಒಂದು ತಿರುವಿನಲ್ಲಿ ಕಾರು ಕಂದಕಕ್ಕೆ ಬೀಳುತ್ತಿತ್ತು.

"ಅಂಕಲ್, ಇದು ಕಚ್ಕೊಳ್ಳಲ್ಲ. ನಾನು ತಿರುಗಿಸ್ತೀನಿ, ಅದು ನೆಟ್ಟಗೆ ಹೋಗುತ್ತೆ."

"ನೀನು ತಿರುಗಿಸೋದು ಲೇಟಾಗುತ್ತೆ ಕಣೋ."

"ಇಲ್ಲ ಅಂಕಲ್. ಸರಿಯಾಗೇ ತಿರುಗಿಸ್ತೀನಿ."

ಮಾತು ಕೇಳಿ ಕೇಳಿ ಕನಕರಾಜ್ ಒಂದು ಸಲ ರಿಮೋಟ್ ಬಿಚ್ಚಿ ನೋಡಿದ. ಒಂದೊಂದೇ ಬಟನ್ನಿಗೂ ಮೀಟರ್ ಹಿಡಿದ. ಎಲ್ಲ ಸರಿಯಾಗಿತ್ತು. ಧೂಳು ಒರೆಸಿ, ಮುಚ್ಚಿಕೊಟ್ಟ. ನರೇಂದ್ರ ಮತ್ತೆ ಕಂದಕಕ್ಕೆ ಬಿದ್ದ, ಮತ್ತೆ ಅದೇ ದೂರು ಹೇಳಿದ. ಆಗ ಕನಕರಾಜನಿಗೆ ಒಂದು ಕಿಡಿಗೇಡಿ ಬುದ್ಧಿ ಹೊಳೆಯಿತು. ಮಾರನೆಯ ಬೆಳಿಗ್ಗೆ ಯಾರೂ ಇಲ್ಲದಾಗ ಎರಡು ರಿಮೋಟಿನ ಟೇಪನ್ನೂ ಬಿಚ್ಚಿ ಅದಲು ಬದಲು ಮಾಡಿ ಸುತ್ತಿಟ್ಟ. ಈಗ ಹಸಿರಾಗಿದ್ದುದು ಕೆಂಪು, ಕೆಂಪಾಗಿದ್ದುದು ಹಸಿರು. ಒಂದು ವಾರ ಬಿಟ್ಟು ಗುಟ್ಟು ಹೇಳಿ ಮಕ್ಕಳ ಮುಖ ನೋಡಬೇಕು ಎಂಬುದು ಅವನ ಆಸೆ.

ಅವನು ಎಣಿಸಿದಂತೆಯೇ ಆಯಿತು. ಮಕ್ಕಳು ಕೆಂಪಿಗೇ ಮುಗಿಬಿದ್ದರು. ಹಸಿರು ಹಿಡಿದು ಸೋತವರು ಹಸಿರನ್ನೇ ಬೈದರು. ಒಬ್ಬನಂತೂ, "ಈ ದರಿದ್ರದ್ದನ್ನ ಬಿಸಾಕಿ ಅಂಕಲ್" ಎಂದ. ಕನಕರಾಜ್ ಹಿಂದಿನ ಮೇಜಿನ ಮೇಲೆ ಬಗ್ಗಿ ಬಾಯಿ ಮುಚ್ಚಿಕೊಂಡು ನಕ್ಕ.

ಆ ಸಂಜೆ ನರೇಂದ್ರನಿಗೆ ಕೆಂಪು ಸಿಕ್ಕಿತ್ತು. ಖುಷಿಯಿಂದ ಘಾಟಿ ರಸ್ತೆ ಹತ್ತಿದ. ಅದೇ ತಿರುವಿನಲ್ಲಿ ಕಾರು ನೆಟ್ಟಗೆ ಹೋಗಿ ಕಂದಕಕ್ಕೆ ಬಿತ್ತು. ಹುಡುಗ ತನ್ನ ಎಡಗೈ ನೋಡಿಕೊಂಡ. ಪಕ್ಕದವನ ಕೈಯಿಂದ ಹಸಿರು ಇಸಕೊಂಡು ಇನ್ನೊಂದು ಸಲ ಆಡಿದ. ಕಾರು ತಿರುವಿನಲ್ಲಿ ಅಂಟಿಕೊಂಡಂತೆ ತಿರುಗಿ ಮೇಲೆ ಹೋಯಿತು.

"ಅಂಕಲ್, ಹಸಿರು ಸರಿಹೋಗಿದೆ. ಆದ್ರೆ ಈಗ ಕೆಂಪಿನಲ್ಲಿ ಶುರುವಾಗಿದೆ."

ಉಳಿದ ಹುಡುಗರು ಹೋ ಎಂದು ನಕ್ಕರು. "ಇವ್ನಿಗೆ ಕೆಂಪೂ ಆಗಲ್ಲ, ಹಸಿರೂ ಆಗಲ್ಲ" ಎಂದರು. ಕನಕರಾಜ್ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ಬಂದ.

"ಎಲ್ಲಪ್ಪ, ನೀನು ಹೆಂಗೆ ಹಿಡೀತೀಯ ತೋರಿಸು."

ನರೇಂದ್ರ ರಿಮೋಟಿನ ಮೇಲೆ ಕಾರು ತಿರುಗಿಸಲು ಇರುವ ಪುಟ್ಟ ಕಡ್ಡಿಯನ್ನು ಹೆಬ್ಬೆರಳಿನಿಂದ ಪೂರ್ತಿ ಎಡಕ್ಕೆ ಒತ್ತಿ, ಹಾಗೇ ಹಿಡಿದುಕೊಂಡ. "ಹಿಂಗೆ ಅಂಕಲ್. ಎಡಗಡೆ ದೊಡ್ಡ ತಿರುವಲ್ಲಿ ಮಾತ್ರ. ಸ್ವಲ್ಪ ಹೊತ್ತು ಹಿಡಿದ ಮೇಲೆ ಬಿಟ್ಬಿಡುತ್ತೆ."

ಕನಕರಾಜ್ ಕೆಂಪು ರಿಮೋಟ್ ಬಿಚ್ಚಿ, ಕಡ್ಡಿಯನ್ನು ಹಾಗೇ ಎಡಕ್ಕೆ ಒತ್ತಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದ. ಕಡ್ಡಿಯ ಬುಡದ ಒಂದು ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಸುಮ್ಮನಿದ್ದಾಗ ಕೂಡಿಕೊಂಡಿರುತ್ತಿತ್ತು. ಜೋರಾಗಿ ಒತ್ತಿ ಹಿಡಿದರೆ ಬಾಯಿ ಬಿಡುತ್ತಿತ್ತು. ಸುಲಭದ ರಸ್ತೆಯಲ್ಲಿ ಆಡುವವರು ಅಷ್ಟು ಒತ್ತಬೇಕಾಗಿಯೇ ಇರಲಿಲ್ಲ. ಅದಕ್ಕೇ ಬೇರೆ ಯಾರಿಗೂ ಅದು ಗೊತ್ತಾಗಿರಲಿಲ್ಲ. ಅವರೆಲ್ಲ ಹಸಿರನ್ನು ಬೈದದ್ದು ಬಾಯಿಮಾತಿಗೆ. ನರೇಂದ್ರ ಹೇಳಿದ್ದು ನಿಜ.

ಬೆಸುಗೆ ಹಾಕಿ, ಆರಲು ಬಿಟ್ಟು, ಕನಕರಾಜ್ ಮಕ್ಕಳನ್ನೆಲ್ಲ ಹತ್ತಿರ ಕರೆದ. ಟೇಪು ಬದಲಾಯಿಸಿದ್ದನ್ನು ಹೇಳಿದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವನೇ ಈಗ ಕಿವಿ ಕೆಂಪಗೆ ಮಾಡಿಕೊಂಡ.

"ನರೇಂದ್ರ ಹೇಳಿದ್ದು ಸರಿ. ನಾನು ಕೇಳಿಸ್ಕೊಳ್ಳಲಿಲ್ಲ. ಸೋತಿದ್ದಕ್ಕೆ ನೆಪ ಹೇಳ್ತಾನೆ ಅನ್ಕೊಂಡೆ. ಬೇಜಾರು ಮಾಡ್ಕೋಬೇಡ ಕಣಪ್ಪ."

ನರೇಂದ್ರ ತಲೆ ಕೆರೆದುಕೊಂಡು, "ಪರ್ವಾಗಿಲ್ಲ ಅಂಕಲ್" ಎಂದ. ಬೆಸುಗೆ ಆರಿತೇ ಎಂದು ಕೇಳಿದ. ಅವನಿಗೆ ಘಾಟಿ ಹತ್ತುವ ಆತುರ.

ಸಂಜೆ ಅಂಗಡಿಗೆ ಬಂದು ಎಲ್ಲ ನೋಡಿದ್ದ ತನುಶ್ರೀ ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತು ಹೇಳಿದಳು, "ನಂಗೆ ಗೊತ್ತಿತ್ತು ಅಪ್ಪ. ಅವನು ಬಲಗಡೆ ತಿರುವಲ್ಲಿ ಒಂದ್ಸಲಾನೂ ಬಿದ್ದಿಲ್ಲ."

"ಮತ್ತೆ ಯಾಕಮ್ಮ ಹೇಳಲಿಲ್ಲ?"

"ನಂಗೇನು ಗೊತ್ತಾಗುತ್ತೆ ಅಂತ ಸುಮ್ನಿದ್ದೆ."

ಈ ಮಾತು ಕನಕರಾಜನ ಮನಸ್ಸಿನಲ್ಲಿ ಕೂತುಬಿಟ್ಟಿತು. ಗೊತ್ತಿದೆ ಎಂದೂ ಹೇಳುತ್ತಾಳೆ, ನನಗೇನು ಗೊತ್ತು ಎಂದೂ ಹೇಳುತ್ತಾಳೆ. ಆ ದಿನ ಊಟಕ್ಕೆ ಕೂತಾಗ ಅವನು ಎಂದಿನ ನಗೆಯ ಮಾತು ಆಡಲಿಲ್ಲ.

ಅವರೆಕಾಯಿಯ ಕಾಲ ಬಂತು. ಚೆನ್ನರಾಯಪ್ಪ ಊರಿನಿಂದ ಒಂದು ಚೀಲ ಅವರೆಕಾಯಿ ಹೊತ್ತು ಬಸ್ಸಿನಲ್ಲಿ ಬಂದು ನೇರ ಅಂಗಡಿಯಲ್ಲೇ ಇಳಿಸಿದರು. ಭಾನುವಾರವಾದ್ದರಿಂದ ಶೋಭಾರಾಣಿ, ತನುಶ್ರೀ ಇಬ್ಬರೂ ಅಲ್ಲೇ ಇದ್ದರು. ಹುಡುಗರು ತಾತನನ್ನು ಬಿಡಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಕೈಗೆ ಕೆಂಪು ರಿಮೋಟ್ ಕೊಟ್ಟರು. ಚೆನ್ನರಾಯಪ್ಪ ರಿಮೋಟನ್ನು ಎತ್ತಿನ ಹಗ್ಗ ಜಗ್ಗಿದಂತೆ ಎದೆಗೆ ಜಗ್ಗಿಕೊಂಡು ಆಡಿದರು. ಕಾರು ಮೊದಲು ಹಿಂದಕ್ಕೆ ಹೋಯಿತು, ಆಮೇಲೆ ಒಂದು ಮರಕ್ಕೆ ಗುದ್ದಿತು, ಕೊನೆಗೆ ಕೆರೆಗೆ ಇಳಿಯಿತು.

"ಏನ್ ತಾತ, ಹಿಂಗಾಯ್ತು?"

"ರಸ್ತೆ ಹಾಕಿದವ್ನು ಸರಿಯಿಲ್ಲ ಕಣ್ರಪ್ಪ. ಕೆರೆ ಪಕ್ಕದಾಗೆ ಯಾವನಾದ್ರೂ ರಸ್ತೆ ಹಾಕ್ತಾನಾ?"

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೆನ್ನರಾಯಪ್ಪನೂ ನಕ್ಕು, "ಪೋನೀ, ಹೋಗ್ಲಿ ಬಿಡಿ, ಇನ್ನೊಂದು ಕಿತ ಆಡಣ" ಎಂದು ಮತ್ತೆ ಕೆರೆಗೇ ಇಳಿಸಿದರು.

ಆಮೇಲೆ ಹಿಂದಿನ ಮೇಜಿನ ಹತ್ತಿರ ಬಂದು ಕೂತು, ಕಾಫಿ ಕುಡಿಯುತ್ತ ಮಗನಿಗೆ ಹೇಳಿದರು.

"ನಮ್ಮೂರಿನ ವೆಂಕಟರವಣಪ್ಪ ಸಿಕ್ಕಿದ್ದ ಕಣಪ್ಪ. ಅವನ ಟಿ.ವಿ. ಬೇರೆ ಯಾರ ಕೈಲೂ ಆಗ್ಲಿಲ್ವಂತೆ, ನೀನು ಮಾಡ್ಕೊಟ್ಯಂತೆ. ಊರೆಲ್ಲ ಹೇಳ್ಕೊಂಡು ಬತ್ತಾವ್ನೆ."

"ಅಯ್ಯೋ, ಅದೇನಿಲ್ಲ ಅಪ್ಪ. ಏನೋ, ಸುಮ್ನೆ ಬಂತು."

ಕಾಫಿ ಲೋಟ ತೊಳೆಯುತ್ತಿದ್ದ ಶೋಭಾರಾಣಿ ತಿರುಗಿ ಗಂಡನನ್ನು ನೋಡಿದಳು. ಆಮೇಲೆ ಮಗಳ ಕಡೆ ನೋಡಿದಳು. ತನುಶ್ರೀ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಕನಕರಾಜನಿಗೆ ಹೆಂಡತಿಯ ನೋಟ ತಕ್ಷಣ ಅರ್ಥವಾಯಿತು. ಮಗಳ ಬಾಯಲ್ಲಿ ಕೇಳಿದ ಮಾತೇ ಅದು, ಅದೇ ರಾಗದಲ್ಲಿ. ಅವರ ಮನೆಯಲ್ಲಿ ಯಾರೂ ನಾನು ಮಾಡಿದೆ ಎಂದು ಹೇಳಿದವರಲ್ಲ. ಹಾಗೆ ಹೇಳಿದರೆ ಜಂಬ ಎಂದಾರು, ಕಣ್ಣು ಬಿದ್ದೀತು ಎಂದು ಅವನ ಅಮ್ಮ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು. ಅದು ಅಭ್ಯಾಸವಾಗಿ ನಾಲಗೆಯ ಮೇಲೆ ಉಳಿದಿತ್ತು. ಅದನ್ನು ಮಗಳು ದಿನವೂ ಕೇಳುತ್ತಿದ್ದಾಳೆ ಎಂದು ಅವನು ಯೋಚಿಸಿರಲಿಲ್ಲ.

ಅವನು ಅಪ್ಪನ ಕಡೆ ತಿರುಗಿದ.

"ಸುಮ್ನೆ ಬರಲಿಲ್ಲ ಅಪ್ಪ. ಆ ಟಿ.ವಿ.ಗೆ ತುಂಬ ಕಷ್ಟಪಟ್ಟೆ. ಮೊದ್ಲು ತಪ್ಪು ಜಾಗದಲ್ಲಿ ಹುಡುಕ್ತಿದ್ದೆ. ಒಂದು ದಿನವೆಲ್ಲ ಹಾಳಾಯ್ತು. ಆಮೇಲೆ ಕರೆಂಟು ಬರೋ ಕಡೆಯಿಂದ ಒಂದೊಂದೇ ನೋಡ್ಕೊಂಡು ಬಂದೆ. ಸಿಕ್ತು. ಖುಷಿಯಾಯ್ತು ನಂಗೆ."

ಹೇಳುವಾಗ ಅವನಿಗೇ ಒಂಥರಾ ಮುಜುಗರ. ಚೆನ್ನರಾಯಪ್ಪ ಮಾತ್ರ, "ಮತ್ತೆ, ಅಂಗೇಳು. ಕಷ್ಟಪಟ್ಟೋನು ಹೇಳ್ಕೊಂಡ್ರೆ ತಪ್ಪೇನೈತೆ" ಎಂದು ಕಾಫಿ ಮುಗಿಸಿದರು. ತನುಶ್ರೀ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದಳು.

ಸಂಕ್ರಾಂತಿಯ ರಜೆಯಲ್ಲಿ ಮಕ್ಕಳಿಗೆ ಪಂದ್ಯ ಬೇಕಾಯಿತು. ಕನಕರಾಜ್ ಒಪ್ಪಿದ. ಒಂದು ಬೆಳಿಗ್ಗೆ ಎಲ್ಲರೂ ಸೇರಿದರು. ಒಬ್ಬೊಬ್ಬರನ್ನಾಗಿ ಸೋಲಿಸುತ್ತ ನರೇಂದ್ರ ಮೇಲೆ ಬಂದ. ಇನ್ನು ಅವನ ಜೊತೆ ಆಡಲು ಯಾರೂ ಉಳಿದಿಲ್ಲ ಎನ್ನುವಾಗ ಅವನೇ ಹಿಂದಕ್ಕೆ ತಿರುಗಿದ.

"ಏ ತನು, ಬಾ. ನೀನು ಆಡೇ ಇಲ್ಲ."

"ನಂಗೆ ಬರಲ್ಲ."

"ಬರುತ್ತೆ. ಒಂದಿನ ಬೇಗ ಬಂದಾಗ ಕಿಟಕಿಯಿಂದ ನೋಡಿದೀನಿ."

ತನುಶ್ರೀ ಅಪ್ಪನ ಕಡೆ ನೋಡಿದಳು. ಕನಕರಾಜ್ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕುರ್ಚಿಯನ್ನು ಒರೆಸಿಟ್ಟ, ಅಷ್ಟೆ. ಅವಳು ಬಂದು ಕೂತಳು. ಅವಳ ಪಾಲಿಗೆ ಹಸಿರು ರಿಮೋಟ್ ಉಳಿದಿತ್ತು.

ಘಾಟಿ ರಸ್ತೆಯ ಮೊದಲ ರೇಸಿನಲ್ಲಿ ನರೇಂದ್ರ ಸುಲಭವಾಗಿ ಗೆದ್ದ. ತನುಶ್ರೀ ರಿಮೋಟ್ ಕೆಳಗಿಟ್ಟು, "ಹೇಳಿದ್ನಲ್ಲ, ನಂಗೆ ಬರಲ್ಲ" ಎಂದು ಏಳುವಳಿದ್ದಳು. ನರೇಂದ್ರ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ.

"ಬರಲ್ಲ ಅಂತಲ್ಲ. ಬಂಡೆ ಹತ್ರದ ತಿರುವಲ್ಲಿ ಬ್ರೇಕ್ ಲೇಟಾಗಿ ಹಾಕ್ದೆ. ಅದೊಂದೇ. ಇನ್ನೊಂದು ಆಡು."

ಅವಳು ಮತ್ತೆ ಕೂತಳು. ಈ ಸಲ ಬಂಡೆಗೆ ಮುಂಚೆಯೇ ವೇಗ ತಗ್ಗಿಸಿದಳು. ದೊಡ್ಡ ಎಡ ತಿರುವಿನಲ್ಲಿ ನರೇಂದ್ರನ ಕಾರು ಅಗಲಕ್ಕೆ ಹೋಯಿತು. ಅವಳದು ಬೆಟ್ಟದ ಗೋಡೆಗೆ ಒರಗಿಕೊಂಡಂತೆ ಒಳಗಡೆಯಿಂದ ನುಗ್ಗಿ ಮುಂದಾಯಿತು. ಗೆರೆ ದಾಟಿದ್ದು ಅವಳೇ.

ಎಲ್ಲ ಹುಡುಗರೂ ನರೇಂದ್ರನ ಬಾಯಿ ನೋಡಿದರು. ಅವನ ಕೈಯಲ್ಲಿದ್ದುದು ಬೆಸುಗೆ ಹಾಕಿದ ಕೆಂಪು ರಿಮೋಟು. ಅವನು ಕಡ್ಡಿಯನ್ನು ಎಡಕ್ಕೆ ಒತ್ತಿ ಹಿಡಿದು ನೋಡಿದ, ಬಿಟ್ಟ, ಮತ್ತೆ ಒತ್ತಿದ.

"ರಿಮೋಟ್ ಚೆನ್ನಾಗೇ ಇದೆ. ನಾನು ಜಾಸ್ತಿ ಸ್ಪೀಡಲ್ಲಿ ಹೋದೆ. ಅವ್ಳು ಒಳಗಡೆಯಿಂದ ಬಂದ್ಲು. ನಂಗೆ ಹಂಗೆ ಬರಲ್ಲ ಇನ್ನೂ."

ಒಬ್ಬ ಸಣ್ಣ ಹುಡುಗ ತನುಶ್ರೀಯ ತೋಳು ಹಿಡಿದು, "ಅಕ್ಕ, ಅದು ಹೆಂಗೆ ಮಾಡಿದೆ?" ಎಂದ.

"ಏನೋ..." ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಮುಖ ಕೆಂಪಾಗಿತ್ತು.

"ರಜೆ ದಿನ ಬೆಳಿಗ್ಗೆ ಬಂದು ಅದೊಂದೇ ತಿರುವು ಆಡ್ತಿದ್ದೆ. ತುಂಬ ಸಲ ಬಿದ್ದಿದೀನಿ. ತಿರುವು ಬರೋಕೆ ಮುಂಚೆನೇ ಬಲಗಡೆ ಹೋಗ್ಬೇಕು, ಆಮೇಲೆ ಒಳಗಡೆಗೆ ಕತ್ತರಿಸ್ಬೇಕು. ಬಾ, ತೋರಿಸ್ತೀನಿ."

ಅವಳು ತೋರಿಸಿದಳು. ನರೇಂದ್ರನೂ ಪಕ್ಕದಲ್ಲೇ ಕೂತು ಕಲಿತ. ಮಧ್ಯಾಹ್ನ ಶೋಭಾರಾಣಿ ಊಟಕ್ಕೆ ಕರೆಯಲು ಬಂದಾಗ ಮಗಳ ಸುತ್ತ ಹುಡುಗರ ಗುಂಪು ಇತ್ತು. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಮೇಜಿನ ಮೇಲಿನ ಮಿಕ್ಸಿಯನ್ನು ಕನಕರಾಜ್ ಬೆಳಗಿನಿಂದ ಮುಟ್ಟಿಯೂ ಇರಲಿಲ್ಲ.

"ಗೆದ್ಲಾ?" ಎಂದು ಗಂಡನನ್ನು ಮೆಲ್ಲಗೆ ಕೇಳಿದಳು.

"ಒಂದು ಸೋತ್ಲು, ಒಂದು ಗೆದ್ಲು. ಎರಡಕ್ಕೂ ಯಾಕೆ ಅಂತ ಅವ್ಳಿಗೆ ಗೊತ್ತಾಯ್ತು."

ಅಂಗಡಿಯಲ್ಲಿ ನೆಪಗಳು ಮುಗಿದಿಲ್ಲ. ಎದುರಾಳಿ ಈಗಲೂ ಮೊಣಕೈಯಲ್ಲಿ ತಿವಿಯುತ್ತಾನೆ, ಹಿಂದಿನವನು ಈಗಲೂ ಕೆಮ್ಮುತ್ತಾನೆ. ಕನಕರಾಜ್ ನಗುತ್ತಾನೆ, ಆದರೆ ಒಮ್ಮೆ ಎದ್ದು ಬಂದು ನೋಡಿಯೇ ನಗುತ್ತಾನೆ. ಬಿಸಿಲಿನ ದೂರು ನಿಜವೆಂದು ಕಂಡು ಕಿಟಕಿಗೆ ಒಂದು ಬಟ್ಟೆಯ ಪರದೆಯನ್ನೂ ಹಾಕಿಸಿದ್ದಾನೆ.

ಈಚೆಗೆ ಹುಡುಗಿಯರೂ ಬರುತ್ತಿದ್ದಾರೆ. ಎದುರು ಮನೆಯ ಯಾಮಿನಿ ಎರಡನೇ ಕ್ಲಾಸಿನ ಮಗು. ಮೊನ್ನೆ ಮೊದಲ ಸಲ ಆಡಿ, ಸೋತು, ತನುಶ್ರೀಗೆ ಗಂಭೀರವಾಗಿ ಹೇಳಿದಳು, "ಅಕ್ಕ, ನನ್ನ ಕೈ ಚಿಕ್ಕದು. ಬೆರಳು ಸಿಗಲ್ಲ." ಹುಡುಗರು ನಗಲು ಬಾಯಿ ತೆರೆದರು. ತನುಶ್ರೀ ಮಗುವಿನ ಹೆಬ್ಬೆರಳನ್ನು ಹಿಡಿದು ಬಟನ್ನಿನ ಮೇಲಿಟ್ಟು ನೋಡಿದಳು. ಸಿಗುತ್ತಿರಲಿಲ್ಲ. ಅವಳು ಯಾಮಿನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೀನು ತಿರುಗಿಸು, ನಾನು ಬ್ರೇಕ್ ಹಾಕ್ತೀನಿ" ಎಂದಳು. ಇಬ್ಬರೂ ಸೇರಿ ಕಾರನ್ನು ನಿಧಾನವಾಗಿ ಘಾಟಿ ಹತ್ತಿಸತೊಡಗಿದರು. ಕನಕರಾಜ್ ಅವರನ್ನೇ ನೋಡುತ್ತ, ತಣ್ಣಗಾಗಿದ್ದ ಬೆಸುಗೆ ಕಡ್ಡಿಯನ್ನು ಮತ್ತೆ ಕಾಯಲು ಇಟ್ಟ.